ಬಾಣಕ್ಕೆ ಗುರಿಯುಂಟು, ಉರುಳಿಗಿಲ್ಲ



ಬಿಲ್ಲು ಎಂದರೆ ನಿಮಗೆ ಅರ್ಜುನ ನೆನಪಾಗುತ್ತಾನೆ, ಜಿಂಕೆ ಎಂದರೆ ಮಾರೀಚ. ನಮ್ಮ ಕಾವ್ಯಗಳಲ್ಲಿ ಬೇಟೆಗೇನೂ ಬರವಿಲ್ಲ. ಆದರೆ ಅಲ್ಲಿ ಯಾವ ಬೇಟೆಗಾರನಿಗೆ ಶಾಪ ತಟ್ಟಿತು, ಏಕೆ ತಟ್ಟಿತು ಎಂಬುದನ್ನು ಗಮನಿಸಿದ್ದೀರಾ?

ದಶರಥ ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ಬಗೆದು ಬಾಣ ಬಿಟ್ಟ. ಸತ್ತವನು ಕುರುಡ ತಂದೆತಾಯಿಗೆ ನೀರು ಒಯ್ಯಲು ಬಂದ ಹುಡುಗ. ಶಬ್ದವೇಧಿ ವಿದ್ಯೆ ದೊಡ್ಡದೇ ಇರಬಹುದು, ಆದರೆ ಕಾಣದ್ದಕ್ಕೆ ಹೊಡೆದದ್ದು ಅಪರಾಧವಾಯಿತು. ಪಾಂಡುರಾಜನ ಕಥೆ ಇನ್ನೂ ಸೂಕ್ಷ್ಮವಾದದ್ದು. ಜಿಂಕೆಯ ರೂಪದಲ್ಲಿದ್ದ ಕಿಂದಮ ಋಷಿ ತನ್ನ ಸಂಗಾತಿಯೊಡನೆ ಕೂಡಿದ್ದಾಗ ಪಾಂಡು ಬಾಣ ಬಿಟ್ಟ. ಸಾಯುವ ಋಷಿ, ಅರಸನಾಗಿ ಬೇಟೆಯಾಡಿದೆ ಎಂದು ಅವನನ್ನು ದೂರಲಿಲ್ಲ. ಆ ಹೊತ್ತು ಕಳೆಯುವವರೆಗೆ ಕಾಯಲಿಲ್ಲ ಎಂದು ದೂರಿದ. ಇನ್ನು ದುಷ್ಯಂತ. ಕಾಳಿದಾಸನ ನಾಟಕದ ಆರಂಭದಲ್ಲೇ, ಇದು ಆಶ್ರಮದ ಜಿಂಕೆ ಎಂದು ತಪಸ್ವಿಗಳು ತಡೆದ ಕೂಡಲೇ ಅವನು ಬಾಣವನ್ನು ಹಿಂದಕ್ಕೆ ತೆಗೆದುಕೊಂಡ. ಶಾಪ ತಪ್ಪಿತಲ್ಲದೆ ಹರಕೆಯೂ ಸಿಕ್ಕಿತು.

ಎಂದರೆ, ಬೇಟೆ ಸಹಜವಾಗಿದ್ದ ಕಾಲದಲ್ಲೂ ಬಿಲ್ಲುಗಾರನಿಗೆ ಪ್ರಶ್ನೆಗಳಿದ್ದವು. ಯಾವ ಪ್ರಾಣಿ ಎಂದು ಕಣ್ಣಾರೆ ಕಂಡೆಯಾ? ಇದು ತಕ್ಕ ಹೊತ್ತೇ, ತಕ್ಕ ಜಾಗವೇ? ಬಿಲ್ಲು ಕೈಯಲ್ಲಿದ್ದವನು ಈ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುವುದು ಕಷ್ಟ. ಬಂದೂಕಿನ ಹಾಗೆ ದೂರದಿಂದ ಹೊಡೆಯಲಾಗದು. ಗಾಳಿಯ ದಿಕ್ಕು ನೋಡಿ, ಹೆಜ್ಜೆಯ ಜಾಡು ಹಿಡಿದು, ಹಿಕ್ಕೆ ಹಸಿಯೋ ಒಣಗಿದೆಯೋ ಎಂದು ಪರೀಕ್ಷಿಸಿ, ಇಪ್ಪತ್ತು ಮೂವತ್ತು ಗಜದ ಅಳತೆಗೆ ಹೋಗಬೇಕು. ಅಷ್ಟು ಹತ್ತಿರ ಹೋದವನಿಗೆ ಜಿಂಕೆಯ ಕಣ್ಣು ಕಾಣುತ್ತದೆ.

ಅಮೆರಿಕಾದಲ್ಲಿ ಇಂದಿಗೂ ಪರವಾನಗಿ ಪಡೆದು, ಗೊತ್ತುಪಡಿಸಿದ ಋತುವಿನಲ್ಲಿ, ಬಿಳಿಬಾಲದ ಜಿಂಕೆಯನ್ನು ಬಿಲ್ಲಿನಿಂದ ಬೇಟೆಯಾಡುವವರಿದ್ದಾರೆ. ಅದರ ಚಿತ್ರಗಳು ನಿಮ್ಮ ಮೊಬೈಲಿಗೂ ಬಂದಿರುತ್ತವೆ. ಗುರಿ ಖಚಿತವಾಗದಿದ್ದರೆ ಹೆದೆ ಬಿಡಬಾರದು, ಗಾಯಗೊಂಡ ಪ್ರಾಣಿಯನ್ನು ರಕ್ತದ ಜಾಡು ಹಿಡಿದು ಕೊನೆಯವರೆಗೂ ಹುಡುಕಬೇಕು ಎಂಬುದು ಅಲ್ಲಿನ ಒಳ್ಳೆಯ ಬೇಟೆಗಾರರ ಕಟ್ಟಳೆ. ನಮ್ಮಲ್ಲಿ ಮಾತ್ರ ಇದನ್ನು ಅನುಕರಿಸುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಬಿಲ್ಲೂ ಒಂದೇ, ಬಂದೂಕೂ ಒಂದೇ.

ಈಗ ಗುಬ್ಬಿ ತಾಲೂಕಿನ ಸಿ.ಎಸ್. ಪುರದ ಕಡೆಗೆ ಬರೋಣ. ರಾಗಿ ಹೊಲ, ತೆಂಗು ಅಡಿಕೆ ತೋಟಗಳ ಹೋಬಳಿ. ಇಲ್ಲಿ ಈಗ ಬಿಲ್ಲು ಹಿಡಿದವರು ಯಾರೂ ಸಿಗಲಾರರು. ಹಳೇ ಮೈಸೂರು ಸೀಮೆಯ ಅನೇಕ ಊರುಗಳಲ್ಲಿ ಯುಗಾದಿಯ ವರ್ಷತೊಡಕಿಗೆ ಗುಂಪುಬೇಟೆಗೆ ಹೊರಡುತ್ತಿದ್ದ ರೂಢಿಯೂ ಹಿಂದಿನವರ ಮಾತಾಗುತ್ತಿದೆ. ಸಂತೋಷವೇ. ಆದರೆ ಬಿಲ್ಲು ಹೋದ ಜಾಗಕ್ಕೆ ಬಂದದ್ದೇನು? ಉರುಳು. ಬೇಲಿಯ ಕಂಡಿಗೆ ಕಟ್ಟಿದ ಒಂದು ತಂತಿಯ ಕುಣಿಕೆ. ಕೆಲವು ಕಡೆ ವಿದ್ಯುತ್ ಹರಿಸಿದ ತಂತಿ.

ಉರುಳು ದಶರಥನ ಬಾಣಕ್ಕಿಂತ ಕುರುಡು. ದಶರಥ ಸದ್ದನ್ನಾದರೂ ಕೇಳಿದ್ದ. ಉರುಳು ಕಟ್ಟಿದವನು ಮನೆಯಲ್ಲಿ ಮಲಗಿರುತ್ತಾನೆ. ಕಾಡುಹಂದಿಗೆಂದು ಕಟ್ಟಿದ್ದಕ್ಕೆ ಮೊಲ ಬೀಳಬಹುದು, ಬಸಿರಿ ಜಿಂಕೆ ಬೀಳಬಹುದು, ಪಕ್ಕದ ಮನೆಯ ನಾಯಿಯೂ ಬೀಳಬಹುದು. ಚಿರತೆ ಬಿದ್ದ ಸುದ್ದಿಗಳಂತೂ ಕರ್ನಾಟಕದಲ್ಲಿ ಅಪರೂಪವಲ್ಲ. ಸೊಂಟಕ್ಕೆ ತಂತಿ ಬಿಗಿದ ಚಿರತೆ ಎಳೆದಾಡಿದಷ್ಟೂ ಅದು ಮಾಂಸಕ್ಕೆ ಇಳಿಯುತ್ತದೆ. ಹರಿದುಕೊಂಡು ಹೋದರೂ ಆ ಗಾಯದೊಡನೆ ಅದು ಓಡುವ ಜಿಂಕೆಯನ್ನು ಹಿಡಿದೀತೇ?

ಚಿರತೆಯ ಮಾತು ಈ ಭಾಗದವರಿಗೆ ಹಗುರವಾದದ್ದಲ್ಲ. 2019ರ ಕೊನೆಯಿಂದ 2020ರ ಆರಂಭದವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲೂಕುಗಳಲ್ಲಿ ಚಿರತೆಯ ದಾಳಿಗೆ ಜನ ಬಲಿಯಾದರು. ಅವರಲ್ಲಿ ಮಕ್ಕಳೂ ಇದ್ದರು. ಮಗುವನ್ನು ಕಳೆದುಕೊಂಡ ಮನೆಯ ಮುಂದೆ ನಿಂತು ವನ್ಯಪ್ರಾಣಿ ಪ್ರೇಮದ ಉಪದೇಶ ಮಾಡುವ ಧೈರ್ಯ ನನಗಿಲ್ಲ. ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಹೊಡೆದದ್ದನ್ನು ಕಾಯಿದೆಯೂ ಅಪರಾಧವೆನ್ನುವುದಿಲ್ಲ. ಆದರೆ ಉರುಳು ಯಾರ ಪ್ರಾಣವನ್ನೂ ಕಾಯುವುದಿಲ್ಲ. ಕಾಯಿದೆಯಲ್ಲಿ ಬೇಟೆ ಎಂಬ ಪದದ ಅರ್ಥವನ್ನು ಓದಿ ನೋಡಿ: ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಉರುಳೊಡ್ಡುವುದು, ಅಟ್ಟುವುದು, ಇವುಗಳ ಪ್ರಯತ್ನವೂ ಬೇಟೆಯೇ. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಬಹುದು. ಅರ್ಜಿ ಬರೆಯಲು ಬಾರದ ಹಿರಿಯರಿಗೆ ನೀವು ಬರೆದುಕೊಡಿ, ಅದು ನಿಮ್ಮಿಂದ ಆಗುವ ಕೆಲಸ.

ಬೇಟೆಗಾರನ ವಿದ್ಯೆಯೆಲ್ಲ ವ್ಯರ್ಥವೇ ಎಂದು ನೀವು ಕೇಳಬಹುದು. ಅದನ್ನು ಬಳಸಲು ಜಿಲ್ಲೆಯಲ್ಲೇ ಒಂದು ಜಾಗವಿದೆ. ಮಧುಗಿರಿ ತಾಲೂಕಿನ ಮೈದನಹಳ್ಳಿಯ ಸುಮಾರು 798 ಎಕರೆ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿತವಾಯಿತು. ಗಾಳಿಗೆ ಎದುರಾಗಿ, ಬಣ್ಣದ ಬಟ್ಟೆ ಬಿಟ್ಟು, ಮೆಲ್ಲಗೆ ನಡೆಯಿರಿ. ದುರ್ಬೀನಿದ್ದರೆ ಒಳ್ಳೆಯದು. ಕಪ್ಪು ಬೆನ್ನು, ಬಿಳಿ ಹೊಟ್ಟೆ, ತಿರುಚಿದ ಕೊಂಬು ಇದ್ದರೆ ಅದು ಬೆಳೆದ ಗಂಡು. ಹೆಣ್ಣು ಕಂದು ಬಣ್ಣದ್ದು, ಸಾಮಾನ್ಯವಾಗಿ ಕೊಂಬಿರುವುದಿಲ್ಲ. ಇದನ್ನು ಜಿಂಕೆ ಎಂದೇ ಕರೆದರೂ ಶಾಸ್ತ್ರದ ಪ್ರಕಾರ ಇದು ಜಿಂಕೆಯ ಕುಲದ್ದಲ್ಲ: ಚುಕ್ಕೆ ಜಿಂಕೆ, ಕಡವೆಗಳ ಕೊಂಬು ಕವಲೊಡೆದು ಉದುರಿ ಮತ್ತೆ ಬೆಳೆಯುತ್ತದೆ, ಕೃಷ್ಣಮೃಗದ ಕೊಂಬು ಉದುರುವುದಿಲ್ಲ. ಒಂದೇ ಜಾಗದಲ್ಲಿ ಹಿಕ್ಕೆಯ ರಾಶಿ ಕಂಡರೆ ಗಂಡೊಂದು ತನ್ನ ಸರಹದ್ದನ್ನು ಗುರುತು ಮಾಡಿದೆ ಎಂದು ತಿಳಿಯಿರಿ.

ಹುಲ್ಲಿನ ನಡುವೆ ಒಂಟಿ ಮರಿಯೊಂದು ಮುದುರಿ ಮಲಗಿರುವುದು ಕಾಣಬಹುದು. ಪಾಪ, ತಬ್ಬಲಿ ಎಂದು ಎತ್ತಿಕೊಂಡು ಬರಬೇಡಿ. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯೇ ಮರಿಯನ್ನು ಹಾಗೆ ಬಚ್ಚಿಟ್ಟು ಮೇಯಲು ಹೋಗಿರುತ್ತದೆ. ನೀವು ಅಲ್ಲೇ ನಿಂತಿದ್ದರೆ ಅದು ಹತ್ತಿರ ಬರುವುದಿಲ್ಲ. ಮುಟ್ಟದೆ, ಬಂದ ಜಾಡಿನಲ್ಲೇ ದೂರ ಸರಿಯಿರಿ. ಸ್ವಲ್ಪ ಹೊತ್ತಿಗೆ ಅದು ಬಂದು ಹಾಲೂಡಿಸುತ್ತದೆ.