ಆಧಿಗೂ ಅಳತೆಯುಂಟು



ಈ ಊರಿನ ಹೆಸರು ಚಿಂತಾಮಣಿ. ಬೇಡಿದ್ದನ್ನು ಕೊಡುವ ರತ್ನವೆಂದು ಅದರ ಅರ್ಥ. ಕೊಳವೆಬಾವಿ ಬತ್ತಿ, ಟೊಮೇಟೊ ಬೆಲೆ ಬಿದ್ದ ಒಂದು ವರ್ಷ, “ಮಣಿ ಹೋಯಿತು ಬುದ್ಧಿ, ಚಿಂತೆಯೊಂದೇ ಉಳಿಯಿತು” ಎಂದು ಇಲ್ಲಿಯ ರೈತರೊಬ್ಬರು ನಮ್ಮೆದುರು ನಕ್ಕರು. ನಾವು ಅದನ್ನು ನಗೆಯೆಂದೇ ತಿಳಿದೆವು. ನಿದ್ರೆ ಬರುತ್ತಿಲ್ಲವೆಂದರು. ವಿಭೂತಿ ಕೊಟ್ಟು, ಪೂಜೆಯ ಹೊತ್ತನ್ನು ಹೆಚ್ಚಿಸಿರೆಂದು ಹೇಳಿ ಕಳುಹಿದೆವು. ತಿಂಗಳೊಳಗೆ ಅವರು ಪ್ರಾಣ ಕಳೆದುಕೊಳ್ಳಲು ಹೊರಟದ್ದನ್ನು ಅವರ ಮಡದಿ ಕಂಡು ತಡೆದರು. ಅವರು ಉಳಿದದ್ದು ಆ ತಾಯಿಯ ಎಚ್ಚರದಿಂದ, ನಮ್ಮ ಉಪದೇಶದಿಂದಲ್ಲ.

ಸಂಸ್ಕೃತದಲ್ಲಿ ದೇಹದ ಬೇನೆಗೆ ವ್ಯಾಧಿಯೆಂದೂ ಮನದ ಬೇನೆಗೆ ಆಧಿಯೆಂದೂ ಹೆಸರು. ಚಿಕ್ಕಂದಿನಲ್ಲಿಯೇ ಓದಿದ್ದ ಈ ಮಾತು ನಮಗೆ ಆ ದಿನ ನೆನಪಾಗಲಿಲ್ಲ. ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತೇವೆ. ಮನಸ್ಸನ್ನು ಎಲ್ಲಿ ಮುಟ್ಟಿ ನೋಡುವುದು? ನಿದ್ರೆಯಲ್ಲಿ, ಊಟದಲ್ಲಿ, ಕಾಯಕದಲ್ಲಿ ನೋಡಿರಿ. ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದಿರುವುದು, ಮುದ್ದೆ ಮುಂದಿದ್ದರೂ ಕೈ ಹೋಗದಿರುವುದು, ಹೊಲಕ್ಕೆ ನೀರು ಕಟ್ಟುವ ಹೊತ್ತು ಮೀರಿದರೂ ಏಳಲಾಗದಿರುವುದು, ಕರಸ್ಥಲದಲ್ಲಿ ಇಷ್ಟಲಿಂಗವಿದ್ದರೂ ದೃಷ್ಟಿ ನಿಲ್ಲದೆ ‘ನಾನು ಯಾರಿಗೂ ಬೇಡ’ ಎಂಬುದೊಂದೇ ತಲೆಯಲ್ಲಿ ಸುತ್ತುವುದು. ಸಾವು, ಸಾಲ, ನಷ್ಟ ಬಂದಾಗ ನಾಲ್ಕು ದಿನ ಹೀಗಿರುವುದು ಸಹಜ. ಅಳುವುದು ದೋಷವಲ್ಲ. ಆದರೆ ಎರಡು ವಾರ ಕಳೆದರೂ ಬಿಡದೆ, ಮಾಡುವ ಕೆಲಸವೂ ಕೆಟ್ಟಿತೆಂದರೆ ವೈದ್ಯರ ಬಳಿಗೆ ಹೋಗಬೇಕು. ಕುಡಿದು ನಿದ್ರೆ ತರಿಸಿಕೊಳ್ಳುವವರು ಅಷ್ಟು ದಿನವೂ ಕಾಯಬಾರದು.

ಸಾಯುವ ಯೋಚನೆ ಬಂದಿತೋ, ವಾರ ಎಣಿಸುವ ಮಾತೇ ಇಲ್ಲ. ಆ ಗಳಿಗೆಯಲ್ಲೇ ಒಬ್ಬರಿಗೆ ಹೇಳಿರಿ. ಮನೆಯವರು ಅಂಥವರನ್ನು ಒಂಟಿಯಾಗಿ ಬಿಡಬೇಡಿರಿ. ಬೆಳೆಗೆ ಹೊಡೆಯುವ ಔಷಧಿಯನ್ನು ಬೇರೆಯವರ ಮನೆಗೆ ಸಾಗಿಸಿ ಬೀಗ ಹಾಕಿಸಿರಿ. ಪೊಲೀಸರ ಭಯದಿಂದ ಮುಚ್ಚಿಡುವವರಿದ್ದಾರೆ. ಹಾಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ, ಶಿಕ್ಷಿಸದೆ ಆರೈಕೆ ಮಾಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳಿದೆ.

2022ರ ಅಕ್ಟೋಬರಿನಿಂದ ಸರ್ಕಾರದ ಟೆಲಿ ಮಾನಸ್ ದೂರವಾಣಿಯುಂಟು. ಅದರ ಸಂಖ್ಯೆ 14416. ಹಗಲಿರುಳೂ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಈ ಸೀಮೆಯಲ್ಲಿ ಮನೆಮಾತು ತೆಲುಗಾದವರು ಬಹಳ. ಅವರು ತೆಲುಗಿನಲ್ಲೇ ಹೇಳಿಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಎಂದೊಡನೆ ‘ಹುಚ್ಚಾಸ್ಪತ್ರೆ’ ಎಂದು ಬೆಚ್ಚುವ ಹಿರಿಯರು ಇಂದಿಗೂ ಇದ್ದಾರೆ. ನಿದ್ರೆ ಕೆಟ್ಟವನು, ಮನ ಕುಂದಿದವನು ಅಲ್ಲಿಗೆ ಹೋಗಿ ಮದ್ದು ಪಡೆದು ಸಂಜೆಯ ಬಸ್ಸಿಗೆ ಮನೆಗೆ ಬರುತ್ತಾನೆ. ಪೂಜೆ ಬಿಡಿರೆಂದು ನಾವು ಹೇಳುತ್ತಿಲ್ಲ. ಪೂಜೆಯೂ ನಡೆಯಲಿ, ಮಾತ್ರೆಯೂ ತಪ್ಪದಿರಲಿ.

ಆ ರೈತರು ಹೋದ ಸೋಮವಾರ ಮಠಕ್ಕೆ ಬಂದಿದ್ದರು. ಮಳೆ ಬೆಳೆ ವಿಚಾರಿಸುವ ಮೊದಲೇ, ನಿದ್ರೆ ಹೇಗಿದೆಯೆಂದು ನಾವು ಕೇಳಿದೆವು.