ಕೌದಿಯ ಮೂಲೆಯಲ್ಲಿ ನಮ್ಮ ಹೆಸರು

(ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳ ಸ್ವಸಹಾಯ ಸಂಘಗಳ ಮಹಿಳೆಯರು ಮಸ್ಕಿಯಲ್ಲಿ ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ)



ನನಗೆ ಮೈಕಿನ ಮುಂದೆ ನಿಂತು ಮಾತಾಡುವ ರೂಢಿ ಇಲ್ಲ. ಅದಕ್ಕೇ ಈ ಕೌದಿಯನ್ನು ಜೊತೆಗೆ ತಂದಿದ್ದೇನೆ. ನಾನು ಮಾತು ಮರೆತರೆ ಇದು ನೆನಪು ಮಾಡಿಕೊಡುತ್ತದೆ.

ಇದು ನನ್ನ ಅವ್ವ ಹೊಲಿದದ್ದು. ಲಿಂಗಸುಗೂರು ಕಡೆಯ ನಮ್ಮ ಹಳ್ಳಿಯಿಂದ ಸಿಂಧನೂರು ಕಡೆಗೆ ಮದುವೆಯಾಗಿ ಬಂದಾಗ ನನ್ನ ಟ್ರಂಕಿನ ತಳದಲ್ಲಿ ಇದಿತ್ತು. ಗಂಡನ ಮನೆಯ ಪಡಸಾಲೆಯಲ್ಲಿ ಸಾಮಾನು ಬಿಚ್ಚಿ ಎಣಿಸಿದರು. ಹಂಡೆ, ಕೊಡ, ತಾಟು ಎಲ್ಲವೂ ಎಣಿಕೆಗೆ ಬಂದವು. ಕೌದಿಯ ಸರದಿ ಬಂದಾಗ ಒಬ್ಬರು, “ಇದೇನವ್ವಾ ಚಿಂದಿ? ನಿಮ್ಮವ್ವಗ ಒಂದು ಗಾದಿ ಕೊಡಾಕ ಆಗಲಿಲ್ಲೇನು?” ಅಂದರು. ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿದೆ. ಅವರು ನಕ್ಕದ್ದಕ್ಕಿಂತ ನಾನು ತಲೆ ತಗ್ಗಿಸಿದ್ದೇ ನನಗೆ ಇವತ್ತಿಗೂ ಚುಚ್ಚುತ್ತದೆ. ಅವ್ವನ ಕೆಲಸ ಚಿಂದಿ ಎಂದು ನಾನೂ ಒಪ್ಪಿಕೊಂಡಂತಾಯಿತಲ್ಲ!

ಈಗ ಬಿಚ್ಚಿ ತೋರಿಸುತ್ತೇನೆ, ನೋಡಿರಿ. ನಡುವಿನ ಈ ಕೆಂಪು ಅವ್ವನ ಇಳಕಲ್ ಸೀರೆಯ ಸೆರಗು. ಈ ಬಿಳಿ ಅಪ್ಪನ ಧೋತರ. ಇದು ಅಜ್ಜಿಯ ಖಣದ ಕುಬುಸ. ಈ ಹೂವಿನ ತುಂಡು ನನ್ನ ಶಾಲೆಯ ಲಂಗ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಇಡಬೇಕೆಂದು ಅವ್ವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಕೆಂಪಿನ ಪಕ್ಕ ಕೆಂಪು ಎಲ್ಲೂ ಬಂದಿಲ್ಲ.

ಹೊಲಿಯುವ ಬಗೆ ನಿಮಗೆಲ್ಲ ಗೊತ್ತಿದ್ದದ್ದೇ. ಆದರೆ ಗೊತ್ತಿದ್ದದ್ದರಲ್ಲಿ ಎಷ್ಟು ಬುದ್ಧಿ ಅಡಗಿದೆ ಎಂದು ನಾವು ಯೋಚಿಸಿಲ್ಲ. ಹಳೆಯ ಬಟ್ಟೆಯನ್ನು ಒಗೆದು ಗಂಜಿ ಬಿಡಿಸುತ್ತೇವೆ. ಸಾರಿಸಿದ ನೆಲದ ಮೇಲೆ ಅಡಿಯ ಸೀರೆ ಹಾಸಿ, ನಾಲ್ಕು ಮೂಲೆಗೆ ಕಲ್ಲು ಇಟ್ಟು, ಸುಕ್ಕು ತೀಡುತ್ತೇವೆ. ನಡುವೆ ಸವೆದ ಬಟ್ಟೆ, ಮೇಲೆ ಚೊಲೋ ತುಂಡು. ಪದರ ಸರಿಯದಂತೆ ಮೊದಲು ದೂರದೂರ ಹೊಲಿಗೆ ಹಾಕಿ, ಆಮೇಲೆ ಅಂಚಿನಿಂದ ಒಳಕ್ಕೆ ಸಾಲು ಹಿಡಿಯುತ್ತೇವೆ. ಸೂಜಿ ಇಳಿಸುವುದು, ಎತ್ತುವುದು, ಅಷ್ಟೇ. ದಾರ ಬಿಗಿದರೆ ಬಟ್ಟೆ ಮುದುಡುತ್ತದೆ, ಸಡಿಲ ಬಿಟ್ಟರೆ ಒಗೆದಾಗ ಪದರ ಜರುಗುತ್ತದೆ. ಎರಡರ ನಡುವಿನ ಹದ ಕೈಗೇ ಗೊತ್ತು. ಸವೆದ ಬಟ್ಟೆ ಒಂದೇ ಇದ್ದರೆ ಎಳೆದ ಕೂಡಲೇ ಹರಿಯುತ್ತದೆ. ಹೊಲಿಗೆಯ ಸಾಲು ಒತ್ತಾಗಿದ್ದರೆ ಎಳೆತದ ಭಾರ ಎಲ್ಲಾ ಪದರಗಳಿಗೂ ಹಂಚಿಹೋಗುತ್ತದೆ. ಪದರಗಳ ನಡುವೆ ನಿಂತ ಗಾಳಿ ಚಳಿಗೆ ಬೆಚ್ಚಗಿಡುತ್ತದೆ. ಕೂಸಿನ ಮೈಗೆ ಹೊಸ ನೈಲಾನಿಗಿಂತ ಹತ್ತು ವರ್ಷ ಒಗೆದ ಹತ್ತಿ ಸೀರೆ ಮೆತ್ತಗೆ.

ಸಿಂಧನೂರಿನ ಹತ್ತಿರದ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ ಕುಟುಂಬಗಳಿವೆಯಲ್ಲ, ಅಲ್ಲಿಯ ಒಬ್ಬ ಹಿರಿಯಳು ಈ ಕೌದಿ ಮುಟ್ಟಿ ನೋಡಿ, “ನಮ್ಮ ಕಾಂಥಾ!” ಅಂದಳು. ಬಂಗಾಳದಲ್ಲೂ ಹಳೆಯ ಸೀರೆ ಪದರ ಇಟ್ಟು ಇದೇ ಹೊಲಿಗೆ ಹಾಕುತ್ತಾರೆ; ಸೀರೆಯ ಅಂಚಿನಿಂದ ಬಣ್ಣದ ಎಳೆ ಬಿಡಿಸಿ ಅದರಿಂದಲೇ ಹೂವು, ಮೀನು, ಪಲ್ಲಕ್ಕಿ ಹೊಲಿಯುತ್ತಾರೆ. ಅವಳ ಮಾತು ನನಗೆ ಪೂರಾ ತಿಳಿಯಲಿಲ್ಲ, ನನ್ನದು ಅವಳಿಗೆ ತಿಳಿಯಲಿಲ್ಲ. ಕೈ ಮಾತಾಡಿತು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿ ಮತ್ತೊಂದು ಬಗೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಅವರು ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬರುತ್ತಾರೆ. ತುಂಡು ಕೂಡಿಸುವುದು, ಪದರ ಬಿಗಿಯುವುದು ಎರಡೂ ಒಂದೇ ಹೊಲಿಗೆಯಲ್ಲಿ ಮುಗಿಯುತ್ತವೆ. ಮೂಲೆಗಳಿಗೆ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ‘ಫುಲಾ’ ಎಂಬ ಹೂವು ಇಡುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಆ ಕೌದಿಗಳು ಅಮೆರಿಕದವರೆಗೂ ಹೋಗಿ ಪ್ರದರ್ಶನಗೊಂಡಿವೆ.

ಅಮೆರಿಕದಲ್ಲಿ ಹ್ಯಾರಿಯೆಟ್ ಪವರ್ಸ್ ಎಂಬ ಕಪ್ಪು ಹೆಣ್ಣುಮಗಳಿದ್ದಳು. ಹುಟ್ಟಿದಾಗ ಗುಲಾಮಳು. ಬಟ್ಟೆ ತುಂಡುಗಳನ್ನು ಮನುಷ್ಯರ, ಪ್ರಾಣಿಗಳ ಆಕಾರಕ್ಕೆ ಕತ್ತರಿಸಿ ಬೈಬಲ್ ಕಥೆಗಳನ್ನು ಕೌದಿಯ ಮೇಲೆ ಹೊಲಿದಳು. 1886ರಲ್ಲಿ ಅದನ್ನು ಪ್ರದರ್ಶನದಲ್ಲಿ ಇಟ್ಟಾಗ ಒಬ್ಬಾಕೆ ಕೇಳಿದರೂ ಮಾರಲಿಲ್ಲ. ಮುಂದೆ ಕಷ್ಟಕಾಲ ಬಂದು 10 ಡಾಲರ್ ಕೇಳಿ, 5 ಡಾಲರಿಗೆ ಕೊಟ್ಟಳು. ಆಮೇಲೂ ತನ್ನ ಕೌದಿಯನ್ನು ನೋಡಲೆಂದೇ ಕೊಂಡವಳ ಮನೆಗೆ ಹೋಗಿಬರುತ್ತಿದ್ದಳಂತೆ. ಇವತ್ತು ಅದು ಆ ದೇಶದ ದೊಡ್ಡ ವಸ್ತುಸಂಗ್ರಹಾಲಯದಲ್ಲಿದೆ. ಅಲಬಾಮಾದ ಗೀಸ್ ಬೆಂಡ್ ಎಂಬ ಊರಿನ ಬಡ ಹೆಂಗಸರು ಹೊಲದಲ್ಲಿ ಉಟ್ಟು ಸವೆದ ಬಟ್ಟೆಯಿಂದ ಹೊಲಿದ ಕೌದಿಗಳನ್ನು 2002ರಲ್ಲಿ ನ್ಯೂಯಾರ್ಕಿನ ಕಲಾ ಸಂಗ್ರಹಾಲಯದ ಗೋಡೆಗೆ ಚಿತ್ರಗಳಂತೆ ತೂಗುಹಾಕಿದರು. 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು. ಆದರೆ ಮರುವರ್ಷವೇ ಅವರಲ್ಲಿ ಕೆಲವರು, ಹೆಸರು ಬಂತು, ನಮಗೆ ಸಲ್ಲಬೇಕಾದ ಹಣ ಬರಲಿಲ್ಲ ಎಂದು ಕೋರ್ಟಿಗೆ ಹೋಗಬೇಕಾಯಿತು.

ನಮ್ಮ ಸಂಘದಲ್ಲೂ ಆದದ್ದು ಅದೇ. ಒಬ್ಬ ವ್ಯಾಪಾರಿ ಬಂದು ಆರು ಕೌದಿಗಳನ್ನು ಕಂಬಳಿಯ ದರಕ್ಕೆ ಒಯ್ದ. ಆಮೇಲೆ ಲೆಕ್ಕ ಹಾಕಿದೆವು. ಒಂದು ಕೌದಿಗೆ ಇಬ್ಬರು ಕೂತು 20 ದಿನ. ಹೊಲದ ಕೂಲಿಯ ಅರ್ಧವೂ ಗಿಟ್ಟಿರಲಿಲ್ಲ. “ಮನೆಯಾಗ ಕೂತು ಮಾಡಿದ್ದಲ್ಲೇನು?” ಅಂದಿದ್ದ ಆತ. ನಾವೂ ಹೌದೆಂದಿದ್ದೆವು. ನಾನು ಪಡಸಾಲೆಯಲ್ಲಿ ತಲೆ ತಗ್ಗಿಸಿದ ಹಾಗೆಯೇ.

ಈಗ ನಮ್ಮ ಸಂಘದಲ್ಲಿ ಎರಡು ರೂಢಿ ಮಾಡಿಕೊಂಡಿದ್ದೇವೆ. ಒಂದು, ಕೌದಿ ಹಾಸಿದ ದಿನದಿಂದ ಯಾರು ಎಷ್ಟು ಹೊತ್ತು ಕೂತರೆಂದು ವಹಿಯಲ್ಲಿ ಬರೆಯುತ್ತೇವೆ. ಬೆಲೆಯ ಮಾತು ಆ ವಹಿಯಿಂದ ಶುರು. ಎರಡು, ಹೆಣ್ಣುಮಗಳಿಗೆ ತವರಿನಿಂದ ಪ್ರೀತಿಗೆ ಕೊಟ್ಟ ಕೌದಿಯನ್ನೂ ಉಡುಗೊರೆಗಳ ಪಟ್ಟಿಯಲ್ಲಿ ಬರೆಯುತ್ತೇವೆ. 1985ರ ನಿಯಮದಂತೆ ಮದುವೆಯ ಉಡುಗೊರೆಗಳ ಪಟ್ಟಿ ಬರೆದು, ಕೊಟ್ಟವರ ಹೆಸರು, ಅಂದಾಜು ಬೆಲೆ ಹಾಕಿ, ವಧು ವರ ಇಬ್ಬರೂ ಸಹಿ ಮಾಡಬೇಕು. ವಧುವಿಗೆ ಬಂದ ಉಡುಗೊರೆಗಳ ಪಟ್ಟಿ ವಧುವಿನ ಕೈಯಲ್ಲೇ ಇರಬೇಕು. ಅದು ಅವಳ ಸ್ತ್ರೀಧನ. ಮನೆಯಿಂದ ಹೊರಗೆ ಹಾಕಿದ ದಿನ ಅದನ್ನು ವಾಪಸು ಕೊಡಿಸಲು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ದಾರಿಯಿದೆ. ಕೇಳಿ ಪಡೆದದ್ದು ಮಾತ್ರ ವರದಕ್ಷಿಣೆಯೇ, ಪಟ್ಟಿಯಲ್ಲಿ ಬರೆದರೂ ಅದು ಉಡುಗೊರೆ ಆಗುವುದಿಲ್ಲ.

ಕೊನೆಗೆ ಒಂದು ಮಾತು. ನಾವು ಕೂತ ಈ ಮಸ್ಕಿಯ ಬಂಡೆಯ ಮೇಲಿನ ಶಾಸನ 1915ರಲ್ಲಿ ಬೆಳಕಿಗೆ ಬಂತು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿತ್ತು, ಯಾರೆಂದು ಗಟ್ಟಿಯಾಗಿ ಹೇಳುವಂತಿರಲಿಲ್ಲ. ಇಲ್ಲಿ ‘ಅಶೋಕ’ ಎಂಬ ಹೆಸರಿತ್ತು. ಆ ಒಂದು ಹೆಸರಿನಿಂದ ಆ ಎಲ್ಲಾ ಮಾತು ಯಾರವೆಂದು ತಿಳಿಯಿತು.

ನಮ್ಮ ಅವ್ವಂದಿರ ಕೌದಿಗಳಲ್ಲಿ ಹೆಸರಿಲ್ಲ. ಅವ್ವ ತೀರಿಕೊಂಡ ಮೇಲೆ ನಾನು ಈ ಮೂಲೆಯಲ್ಲಿ ಕೆಂಪು ದಾರದಿಂದ ಅವಳ ಹೆಸರು ಹೊಲಿದೆ. ಹತ್ತಿರ ಬಂದು ನೋಡಿರಿ. ಅಕ್ಷರ ಸ್ವಲ್ಪ ಸೊಟ್ಟ ಆಗಿದೆ, ನಾನು ಬರೆಯಲು ಕಲಿತದ್ದು ಸಂಘಕ್ಕೆ ಸೇರಿದ ಮೇಲೆ. ನಿಮ್ಮ ಮುಂದಿನ ಕೌದಿಯ ಮೂಲೆಯಲ್ಲಿ ನಿಮ್ಮ ಹೆಸರು ನೀವೇ ಹೊಲಿಯಿರಿ. ಬದುಕಿದ್ದಾಗಲೇ ಹೊಲಿಯಿರಿ.