ಲ್ಯಾಪ್‌ಟಾಪ್‌ಗೆ ಮೇನ್‌ಫ್ರೇಮ್ ವೇಷ



ಊರಿಗೆ ಬಂದಾಗಲೆಲ್ಲ "ಬೆಂಗಳೂರಲ್ಲಿ ಏನಪ್ಪಾ ಕೆಲಸ?" ಎಂದು ಕೇಳುತ್ತೀರಿ. "ಕಂಪ್ಯೂಟರ್" ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಇವತ್ತು ಬಿಡಿಸಿ ಹೇಳುತ್ತೇನೆ.

ದೊಡ್ಡ ಬ್ಯಾಂಕುಗಳ ಲೆಕ್ಕ ನಡೆಸುವ ಯಂತ್ರಕ್ಕೆ ಮೇನ್‌ಫ್ರೇಮ್ ಎನ್ನುತ್ತಾರೆ. ಐಬಿಎಂ 1964ರಲ್ಲಿ ಪ್ರಕಟಿಸಿದ ಸಿಸ್ಟಂ/360ರ ವಂಶ ಇಂದಿಗೂ ನಡೆದಿದೆ. ಬಿಇ ಮುಗಿಸಿ ಸೇರಿದ ಕೆಲಸದಲ್ಲಿ ನನ್ನನ್ನು ಈ ವಿಭಾಗಕ್ಕೆ ಹಾಕಿದರು. ಆರು ತಿಂಗಳ ಪ್ರೊಬೇಷನ್. ಹೊಸಬರಿಗೆ ಯಂತ್ರ ಮುಟ್ಟಲು ಬಿಡುತ್ತಿರಲಿಲ್ಲ, ಕಲಿಯದಿದ್ದರೆ ಮನೆಗೆ ಕಳಿಸುತ್ತಿದ್ದರು. ಅಪ್ಪ ಸಾಲ ಮಾಡಿ ಓದಿಸಿದ್ದರು.

ಆಗ ಕೈಹಿಡಿದದ್ದು ಹರ್ಕ್ಯುಲಿಸ್. ರೋಜರ್ ಬೌಲರ್ ಎಂಬವರು ಆರಂಭಿಸಿದ ಉಚಿತ ತಂತ್ರಾಂಶ. ಅದು ಲ್ಯಾಪ್‌ಟಾಪ್‌ಗೆ ಮೇನ್‌ಫ್ರೇಮ್ ವೇಷ ಕಟ್ಟುತ್ತದೆ. ಒಳಗೆ ಮೇನ್‌ಫ್ರೇಮ್‌ಗೆಂದೇ ಇರುವ ಲಿನಕ್ಸ್ ಹಾಕಿಕೊಂಡೆ. ಆದರೆ ಇಲ್ಲದ ಯಂತ್ರಕ್ಕೆ ನೆಟ್‌ವರ್ಕ್ ತಂತಿ ಎಲ್ಲಿ ಸಿಕ್ಕಿಸುವುದು?

ಸಂರಚನಾ ಕಡತದಲ್ಲಿ ಒಂದು ಸಾಲು ಬರೆಯಬೇಕು: ಸಾಧನದ ಸಂಖ್ಯೆ 0600, ಬಗೆ ಸಿಟಿಸಿಐ, ಬಳಿಕ ಎರಡು ವಿಳಾಸ. ಮೊದಲನೆಯದು ಒಳಗಿನ ಯಂತ್ರದ್ದು, 10.1.1.2. ಎರಡನೆಯದು ಲ್ಯಾಪ್‌ಟಾಪ್ ಕಡೆಯದು, 10.1.1.1. ಈ ಸಾಧನ ಜೋಡೆತ್ತಿನ ಹಾಗೆ, ಒಂದೇ ಸಂಖ್ಯೆಗೆ ನಡೆಯುವುದಿಲ್ಲ. 0600 ಓದಲು, 0601 ಬರೆಯಲು. ನಾನು ವಿಳಾಸಗಳನ್ನು ಅದಲುಬದಲು ಮಾಡಿ ಎರಡು ರಾತ್ರಿ ಕಳೆದೆ.

ಅದು ಸರಿಯಾದ ಮೇಲೆ ಪಿಂಗ್ ಲ್ಯಾಪ್‌ಟಾಪ್‌ವರೆಗೆ ಬಂತು, ಹೊಸಿಲು ದಾಟಲಿಲ್ಲ. ಲ್ಯಾಪ್‌ಟಾಪ್‌ನ ಲಿನಕ್ಸ್ ಬೇರೆಯವರ ಪೊಟ್ಟಣವನ್ನು ತಾನಾಗಿ ಮುಂದಕ್ಕೆ ಸಾಗಿಸುವುದಿಲ್ಲ. ಐಪಿ ಫಾರ್ವರ್ಡ್ ಎಂಬಲ್ಲಿರುವ 0 ಅನ್ನು 1 ಮಾಡಬೇಕು. ಮಾಡಿದೆ. ಆದರೂ ಉತ್ತರವಿಲ್ಲ!

ಹಿರಿಯರಿಗೆ ನೆನಪಿರಬಹುದು, ನಮ್ಮ ತೋಟದ ಮನೆಗೆ ಅಂಚೆಯಣ್ಣ ಬರುತ್ತಿರಲಿಲ್ಲ. ಕಾಗದಗಳೆಲ್ಲ ಬಸ್ ಸ್ಟ್ಯಾಂಡ್ ಅಂಗಡಿಯ ಕೇರಾಫ್. ಹೊರಗಿನ ರೂಟರ್‌ಗೆ ನನ್ನ 10.1.1.2 ಎಂಬ ತೋಟದ ಮನೆ ಗೊತ್ತೇ ಇರಲಿಲ್ಲ. ಹೋದ ಕಾಗದಕ್ಕೆ ಉತ್ತರ ಬರೆದರೂ ಎಲ್ಲಿಗೆ ತಲುಪಿಸುವುದು? ಹೊರಡುವ ಪ್ರತಿ ಪೊಟ್ಟಣದ ಮೇಲೂ ಲ್ಯಾಪ್‌ಟಾಪ್ ತನ್ನದೇ ವಿಳಾಸ ಬರೆಯುವಂತೆ ಮಾಡಿದೆ. ಇದಕ್ಕೆ ಮಾಸ್ಕರೇಡ್ ಎನ್ನುತ್ತಾರೆ, ನನಗದು ಕೇರಾಫ್. ಬೆಳಗಿನ ಜಾವ ಮೊದಲ ಉತ್ತರ ಬಂತು. ಆ ವರ್ಷ ಕೆಲಸ ಉಳಿಯಿತು.

ಆ ಹಳೆಯ ಲ್ಯಾಪ್‌ಟಾಪ್ ತಂದಿದ್ದೇನೆ. ಊಟವಾದ ಮೇಲೆ ಹತ್ತನೇ ತರಗತಿಯ ಕೊಠಡಿಯಲ್ಲಿ ಇಟ್ಟಿರುತ್ತೇನೆ, ಮಕ್ಕಳು ಬನ್ನಿ. ಎರಡು ವಿಳಾಸ ಬೇಕೆಂದೇ ಅದಲುಬದಲು ಮಾಡಿದ್ದೇನೆ, ಆ ಸೊನ್ನೆಯನ್ನೂ ಸೊನ್ನೆಯಾಗಿಯೇ ಬಿಟ್ಟಿದ್ದೇನೆ.